ಆರು ದಿನಗಳಲ್ಲಿ ಐದು ಪಂದ್ಯ: 1899ರ ಸುವಾನಿ ಕಾಲೇಜಿನ ಕಾಲ್ಚೆಂಡು ತಂಡ

ಕಾಲ್ಚೆಂಡಾಟವೆಂದರೆ ಏನೆಂಬುದನ್ನು ನಮ್ಮ ಊರುಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ದುಂಡನೆಯ ಚೆಂಡು, ಬಯಲಿನ ಎರಡು ಕೊನೆಗಳಲ್ಲಿ ಗೋಲಿನ ಕಂಬಗಳು, ಕೈ ತಾಗಿಸಲಾಗದೆಂಬ ಕಟ್ಟಳೆ: ಇಷ್ಟನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಹೆಸರಿನಿಂದ ಕರೆಯಲ್ಪಡುವ ಆಟವು ಬೇರೆಯೇ ಆಗಿದೆ. ಅಲ್ಲಿನ ಚೆಂಡು ಎರಡು ತುದಿಗಳಲ್ಲಿಯೂ ಕಿರಿದಾಗಿ ನೀಳವಾಗಿರುವುದು. ಆಟಗಾರನು ಅದನ್ನು ಎದೆಗವಚಿಕೊಂಡು ಓಡುವನು; ಎದುರಾಳಿಗಳು ಅವನ ಮೇಲೆ ಬಿದ್ದು ನೆಲಕ್ಕೆ ಕೆಡಹುವರು. ಕಾಲಿಗಿಂತಲೂ ಕೈ, ಕೈಗಿಂತಲೂ ಹೆಗಲು ಅಲ್ಲಿ ಹೆಚ್ಚು ಕೆಲಸ ಮಾಡುವುದು. ಈ ಆಟದ ಆರಂಭದ ಕಾಲದಲ್ಲಿ, 1899ನೆಯ ಇಸವಿಯಲ್ಲಿ, ಟೆನೆಸಿ ಸಂಸ್ಥಾನದ ಬೆಟ್ಟವೊಂದರ ಮೇಲಿದ್ದ ಚಿಕ್ಕ ಕಾಲೇಜಿನ ವಿದ್ಯಾರ್ಥಿಗಳು ನಡೆಸಿದ ಒಂದು ಋತುವಿನ ವೃತ್ತಾಂತವನ್ನು ಇಲ್ಲಿ ವಿವರಿಸಲಾಗಿದೆ. ಆಟವೆಂದರೆ ಅಕ್ಕರೆಯುಳ್ಳ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ರುಚಿಸಬಹುದು. ಮಕ್ಕಳನ್ನು ಆಟದ ಬಯಲಿಗೆ ಕಳುಹಿಸಿ ಮನೆಯಲ್ಲಿ ಕಾತರದಿಂದ ಕಾದಿರುವ ತಂದೆತಾಯಿಗಳಿಗೂ ಇದರಲ್ಲಿ ಚಿಂತಿಸತಕ್ಕ ವಿಷಯವುಂಟು.

ಮೊದಲು ಅಂದಿನ ಕಟ್ಟಳೆಗಳನ್ನು ಸ್ವಲ್ಪ ತಿಳಿದಿರಬೇಕು. ಇಲ್ಲವಾದರೆ ಮುಂದೆ ಬರುವ ಅಂಕಗಳು ಬರಿಯ ಸಂಖ್ಯೆಗಳಾಗಿಯೇ ಉಳಿಯುವುವು. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡನ್ನು ಎದುರಾಳಿಯ ಗಡಿರೇಖೆಯ ಆಚೆಗೆ ಒಯ್ದು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ ಟಚ್‌ಡೌನ್ ಎಂದು ಹೆಸರು. ಅದಕ್ಕೆ 5 ಅಂಕಗಳು. ಅನಂತರ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು ಅಂಕ. ಚೆಂಡು ಕೈಯಲ್ಲಿರುವ ಪಕ್ಷವು ಮೂರು ಯತ್ನಗಳಲ್ಲಿ 5 ಗಜ ಮುಂದುವರಿಯಬೇಕು. ತಪ್ಪಿದರೆ ಚೆಂಡು ಎದುರಾಳಿಯ ಪಾಲಾಗುವುದು. ಚೆಂಡನ್ನು ಮುಂದಕ್ಕೆ ಎಸೆಯುವ ಅಧಿಕಾರವು ಆಗ ಇನ್ನೂ ಇರಲಿಲ್ಲ. ಅದು 1906ರಲ್ಲಿ ಬಂದಿತು. ಆದುದರಿಂದ ಆ 5 ಗಜಗಳನ್ನು ಎದುರಾಳಿಗಳ ಮೈಗಳ ನಡುವೆ ನುಗ್ಗಿಯೇ ಗಳಿಸಬೇಕಾಗಿದ್ದಿತು. ಓಡುವವನನ್ನು ಅವನ ಗೆಳೆಯರು ಹಿಂದಿನಿಂದ ನೂಕುತ್ತಲೂ ಮುಂದಿನಿಂದ ಎಳೆಯುತ್ತಲೂ ಇದ್ದರು. ತಲೆಗೆ ಗಟ್ಟಿಯಾದ ರಕ್ಷಣೆಯಿರಲಿಲ್ಲ. ಅನೇಕರಿಗೆ ಬೆಳೆಸಿಕೊಂಡ ಕೂದಲೇ ಶಿರಸ್ತ್ರಾಣ. ಬಯಲಿನಿಂದ ಒಮ್ಮೆ ಹೊರಬಿದ್ದವನು ಆ ಪಂದ್ಯದಲ್ಲಿ ಮರಳಿ ಬರುವಂತಿರಲಿಲ್ಲವಾದುದರಿಂದ, ಪೆಟ್ಟು ತಿಂದವನು ಎದ್ದು ನಿಲ್ಲಬಲ್ಲನಾದರೆ ಆಡುತ್ತಲೇ ಇರುವನು.

ಇಂಥ ಆಟದಲ್ಲಿ ಪ್ರಾಣಹಾನಿಯು ಅಪರೂಪವಾಗಿರಲಿಲ್ಲ. ನಮ್ಮ ಕಥೆಗೆ ಎರಡು ವರ್ಷ ಹಿಂದೆ, 1897ರ ಅಕ್ಟೋಬರ 30ರಂದು, ಜಾರ್ಜಿಯ ವಿಶ್ವವಿದ್ಯಾಲಯದ ಪರವಾಗಿ ಅಟ್ಲಾಂಟ ಪಟ್ಟಣದಲ್ಲಿ ಆಡುತ್ತಿದ್ದ ರಿಚರ್ಡ್ ವಾನ್ ಗ್ಯಾಮನ್ ಎಂಬ ಯುವಕನು ತಲೆಗೆ ಪೆಟ್ಟುಬಿದ್ದು ಮೃತನಾದನು. ಜಾರ್ಜಿಯ ಸಂಸ್ಥಾನದ ಶಾಸನಸಭೆಯು ಕೂಡಲೇ ಆ ಆಟವನ್ನೇ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆಗ ಅದನ್ನು ತಡೆಯಲು ಮುಂದೆ ಬಂದವರು ಸತ್ತ ಹುಡುಗನ ತಾಯಿಯೇ. ಮಗನಿಗೆ ಅಷ್ಟು ಪ್ರಿಯವಾಗಿದ್ದ ಆಟವನ್ನು ಮಗನ ಮರಣದ ಹೆಸರಿನಲ್ಲಿ ಕೊನೆಗಾಣಿಸಬಾರದೆಂದು ಆಕೆಯು ಪತ್ರ ಬರೆದು ಬೇಡಿಕೊಂಡರು. ಗವರ್ನರ್ ಅಟ್ಕಿನ್‌ಸನ್ನರು ಮಸೂದೆಗೆ ಒಪ್ಪಿಗೆಯನ್ನು ಕೊಡಲಿಲ್ಲ. ಆ ತಾಯಿ ಮಾಡಿದ್ದು ಸರಿಯೇ ಎಂದು ಕೇಳಿದರೆ ಇದನ್ನು ಓದುವ ತಾಯಂದಿರಲ್ಲಿ ಇಬ್ಬರು ಒಂದೇ ಉತ್ತರವನ್ನು ಕೊಡಲಾರರು. ಆದರೆ ಆಕೆಯ ಪತ್ರವು ಹೋಗದಿದ್ದಲ್ಲಿ, 1899ರ ಅಕ್ಟೋಬರ 21ರಂದು ಅದೇ ಅಟ್ಲಾಂಟದಲ್ಲಿ ಅದೇ ಜಾರ್ಜಿಯ ವಿಶ್ವವಿದ್ಯಾಲಯವನ್ನು ಎದುರಿಸಿ ಸುವಾನಿಯ ತಂಡವು ತನ್ನ ಋತುವನ್ನು ಪ್ರಾರಂಭಿಸುವುದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಸುವಾನಿಯೆಂಬುದು ಟೆನೆಸಿ ಸಂಸ್ಥಾನದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲಿರುವ ಊರು. ಅಲ್ಲಿನ ವಿದ್ಯಾಲಯಕ್ಕೆ ದಕ್ಷಿಣದ ವಿಶ್ವವಿದ್ಯಾಲಯವೆಂಬ ದೊಡ್ಡ ಹೆಸರು. ದಕ್ಷಿಣ ಸಂಸ್ಥಾನಗಳ ಎಪಿಸ್ಕೋಪಲ್ ಸಭೆಯ ಬಿಷಪರು 1857ರಲ್ಲಿ ಅದನ್ನು ಸ್ಥಾಪಿಸಿದರು. ಗುಲಾಮಗಿರಿಯ ಮೇಲೆ ನಿಂತ ಸಮಾಜದ ಹಣವೂ ಹಂಬಲವೂ ಆ ಸ್ಥಾಪನೆಯ ಹಿಂದೆ ಇದ್ದುವೆಂಬುದನ್ನು ಮರೆಮಾಚಲಾಗದು. 1860ರಲ್ಲಿ ಇಟ್ಟ ಅಸ್ತಿವಾರದ ಕಲ್ಲನ್ನು ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನಿಕರು ಸಿಡಿಸಿಬಿಟ್ಟರು. ಯುದ್ಧವು ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹಣವನ್ನು ಬೇಡಿ ತಂದು, 1868ರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳಿಂದಲೂ ನಾಲ್ವರು ಅಧ್ಯಾಪಕರಿಂದಲೂ ಪಾಠವನ್ನು ಆರಂಭಿಸಿದರು. ಬೆಟ್ಟದ ಬುಡದಿಂದ ಮೇಲಕ್ಕೆ ಏರುತ್ತಿದ್ದ ಪುಟ್ಟ ಉಗಿಬಂಡಿಯನ್ನು ಜನರು ಬೆಟ್ಟದ ಆಡು ಎಂದು ಕರೆಯುತ್ತಿದ್ದರು. ಇಂಥ ಊರಿಗೆ ಹೊರಗಿನ ತಂಡಗಳನ್ನು ಕರೆದು ಪಂದ್ಯ ನಡೆಸಿದರೆ ನೋಡಲು ಬರುವವರೆಷ್ಟು, ಟಿಕೆಟ್ಟಿನಿಂದ ಬರುವ ಹಣವೆಷ್ಟು!

ಹಣದ ಈ ಪ್ರಶ್ನೆಯೇ ಇಡೀ ಕಥೆಯ ಬೇರು. ಸುವಾನಿಯ ಮುಖ್ಯ ಪ್ರತಿಸ್ಪರ್ಧಿಯು ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವಾಗಿದ್ದಿತು. ದೊಡ್ಡ ಪಟ್ಟಣದಲ್ಲಿ ನಡೆಯುವ ಆ ಪಂದ್ಯದಿಂದ ಒಳ್ಳೆಯ ವರಮಾನವೂ ಬರುತ್ತಿದ್ದಿತು. ಆದರೆ ಟಿಕೆಟ್ಟಿನ ಹಣವನ್ನು ಹಂಚಿಕೊಳ್ಳುವ ವಿಷಯದಲ್ಲಿ ಜಗಳವೆದ್ದು 1899ರಲ್ಲಿ ಆ ಪಂದ್ಯವೇ ನಿಂತುಹೋಯಿತು. ತಂಡದ ವ್ಯವಸ್ಥಾಪಕನಾಗಿದ್ದ ಲೂಕ್ ಲೀ ಎಂಬವನು ಇಪ್ಪತ್ತು ವರ್ಷದ ವಿದ್ಯಾರ್ಥಿ. ಒಂದು ದೊಡ್ಡ ಪಂದ್ಯದ ನಷ್ಟವನ್ನು ತುಂಬಿಕೊಳ್ಳಲು ಅವನು ಕಂಡುಕೊಂಡ ಉಪಾಯವು ವಿಚಿತ್ರವಾಗಿದ್ದಿತು. ದೂರದ ಪಟ್ಟಣಗಳ ಕಾಲೇಜುಗಳಿಗೆ ಪತ್ರ ಬರೆದು, ವರಮಾನದಲ್ಲಿ ಪಾಲು ಗೊತ್ತುಮಾಡಿಕೊಂಡು, ಒಂದೇ ರೈಲುಪ್ರಯಾಣದಲ್ಲಿ ಐದು ಪಂದ್ಯಗಳನ್ನು ಒಂದರ ಬೆನ್ನಿಗೊಂದನ್ನು ಕಟ್ಟಿದನು. ನಡುವೆ ದಿನಗಳನ್ನು ಬಿಟ್ಟರೆ ವಸತಿಗೂ ಊಟಕ್ಕೂ ಖರ್ಚು. ಬಿಡದಿದ್ದರೆ ರಾತ್ರಿಯ ಬಂಡಿಯೇ ವಸತಿ. ಪೌರುಷದ ಕಥೆಯೆಂದು ಮುಂದೆ ಪ್ರಸಿದ್ಧವಾದದ್ದು ಹುಟ್ಟಿದ್ದು ಒಬ್ಬ ಹುಡುಗನ ಲೆಕ್ಕದ ಪುಸ್ತಕದಲ್ಲಿ.

ಪ್ರವಾಸಕ್ಕೆ ಮೊದಲೇ ತಂಡವು ನಾಲ್ಕು ಪಂದ್ಯಗಳನ್ನು ಗೆದ್ದಿದ್ದಿತು: ಜಾರ್ಜಿಯದ ಮೇಲೆ 12–0, ಎರಡು ದಿನ ಕಳೆದು ಜಾರ್ಜಿಯ ಟೆಕ್ ಮೇಲೆ 32–0, ಅನಂತರ ಟೆನೆಸಿ ವಿಶ್ವವಿದ್ಯಾಲಯದ ಮೇಲೆ 46–0, ಸೌತ್‌ವೆಸ್ಟರ್ನ್ ಪ್ರೆಸ್ಬಿಟೀರಿಯನ್ ವಿಶ್ವವಿದ್ಯಾಲಯದ ಮೇಲೆ 54–0. ಶಿಕ್ಷಕರಾದ ಬಿಲ್ಲಿ ಸೂಟರ್ ಎಂಬವರು ಪ್ರಿನ್ಸ್‌ಟನ್ನಿನಲ್ಲಿ ಆಡಿ ಪಳಗಿದವರು. ನಾಯಕನು ಹೆನ್ರಿ ಸೈಬೆಲ್ಸ್. ಚೆಂಡನ್ನು ಒದೆಯುವುದರಲ್ಲಿ ಹೆಸರಾದವನು ಆರ್ಮಂಡ್ ಸಿಂಕಿನ್ಸ್.

ನವಂಬರ 7ರಂದು, ಮಂಗಳವಾರ, ಸುಮಾರು ಇಪ್ಪತ್ತು ಮಂದಿ ಆಟಗಾರರು ಮಲಗುವ ಬಂಡಿಯೊಂದನ್ನು ಗೊತ್ತುಮಾಡಿಕೊಂಡು ಹೊರಟರು. ಪರಸ್ಥಳದ ನೀರಿನಿಂದ ಹೊಟ್ಟೆ ಕೆಟ್ಟೀತೆಂಬ ಭಯದಿಂದ ತಮ್ಮ ಬೆಟ್ಟದ ಬುಗ್ಗೆಯ ನೀರನ್ನೇ ಎರಡು ಪೀಪಾಯಿಗಳಲ್ಲಿ ತುಂಬಿಸಿಕೊಂಡರೆಂದು ಹೇಳುವರು. ಆಟದ ಜೋಡುಗಳನ್ನು ಸ್ಟೇಷನ್ನಿನಲ್ಲಿಯೇ ಮರೆತು, ದಾರಿಯಲ್ಲಿ ತಂತಿ ಕಳುಹಿಸಿ ತರಿಸಿಕೊಂಡರೆಂಬ ಮಾತೂ ಉಂಟು. ಇಂಥ ಪ್ರಯಾಣಗಳಲ್ಲಿ ಇಂಥ ಕಥೆಗಳು ತಾವಾಗಿಯೇ ಬೆಳೆಯುವುವು. ಬುತ್ತಿಯನ್ನು ಮರೆಯದೆ ಹೊರಟ ಶಾಲಾಪ್ರವಾಸವು ನಮ್ಮಲ್ಲಿಯೂ ಎಷ್ಟಿರಬಹುದು?

ಎರಡು ರಾತ್ರಿ ಬಂಡಿಯಲ್ಲಿ ಕಳೆದು, ನವಂಬರ 9ರಂದು ಗುರುವಾರ ಆಸ್ಟಿನ್ನಿನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯವನ್ನು 12–0 ಅಂಕಗಳಿಂದ ಸೋಲಿಸಿದರು. ನಾಯಕ ಸೈಬೆಲ್ಸನಿಗೆ ತಲೆಯೊಡೆದು ರಕ್ತ ಸುರಿದರೂ ಅವನು ಗಾಯಕ್ಕೆ ಪಟ್ಟಿಯನ್ನು ಅಂಟಿಸಿಕೊಂಡು ಬಯಲಲ್ಲಿಯೇ ನಿಂತನೆಂದು ಆ ಪ್ರವಾಸವನ್ನು ಕುರಿತು ಹೇಳುವವರೆಲ್ಲರೂ ಹೇಳುತ್ತಾರೆ. ಅಂದಿನ ರಾತ್ರಿಯೇ ಸುಮಾರು 160 ಮೈಲಿ ದೂರದ ಹ್ಯೂಸ್ಟನ್ನಿಗೆ ಪಯಣ. ಶುಕ್ರವಾರ ಅಲ್ಲಿ ಟೆಕ್ಸಸ್‌ನ ವ್ಯವಸಾಯ ಮತ್ತು ಯಂತ್ರವಿದ್ಯೆಯ ಕಾಲೇಜಿನ ಮೇಲೆ 10–0. ಮತ್ತೆ ರಾತ್ರಿಯೆಲ್ಲ ಉಗಿಬಂಡಿ, ಈ ಸಲ 350 ಮೈಲಿಗಳ ಆಸುಪಾಸು. ಶನಿವಾರ ನ್ಯೂ ಆರ್ಲಿಯನ್ಸಿನಲ್ಲಿ ಟುಲೇನ್ ವಿಶ್ವವಿದ್ಯಾಲಯದ ಮೇಲೆ 23–0. ಮೂರು ದಿನಗಳಲ್ಲಿ ಮೂರು ಪಂದ್ಯಗಳು. ಪ್ರತಿದಿನವೂ ಎದುರಿಗೆ ಮನೆಯಲ್ಲಿ ನಿದ್ರಿಸಿ ಬಂದ ಹೊಸ ಹನ್ನೊಂದು ಮಂದಿ, ಇತ್ತ ರೈಲುಬಂಡಿಯಲ್ಲಿ ಅಲುಗಾಡುತ್ತ ಮಲಗಿ ಎದ್ದ ಅದೇ ಮೈಗಳು.

ಆ ಮೈಗಳನ್ನು ಮರುದಿನಕ್ಕೆ ಸಿದ್ಧಪಡಿಸಿದ ಒಬ್ಬರ ಹೆಸರು ಬಹುಕಾಲ ಹಿಂದೆಯೇ ಉಳಿದಿದ್ದಿತು. ಕಾಲ್ ಬರೋಸ್ ಎಂಬ ಕರಿಯ ಜನಾಂಗದವರು ತಂಡದ ಜೊತೆಯಲ್ಲಿ ಪ್ರಯಾಣಮಾಡಿ, ಆಟ ಮುಗಿದ ಮೇಲೆ ಆಟಗಾರರ ಮೈಕೈಗಳನ್ನು ತಿಕ್ಕಿ ನೀವಿ, ಊದಿದ ಕೀಲುಗಳನ್ನು ಹದಕ್ಕೆ ತರುತ್ತಿದ್ದರು. ಮೂರು ದಿನಗಳ ಪೆಟ್ಟನ್ನು ತಿಂದ ಮೈಯು ನಾಲ್ಕನೆಯ ಪಂದ್ಯಕ್ಕೆ ಏಳಬೇಕಾದರೆ ಅದು ನಾಯಕನ ಉತ್ಸಾಹದ ಮಾತಿನಿಂದ ಮಾತ್ರ ಆಗುವ ಕೆಲಸವಲ್ಲ. ಮನೆಯಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿದವರೂ, ಜ್ವರದಿಂದ ಎದ್ದ ಮಗುವಿನ ಕಾಲನ್ನು ನೀವಿದವರೂ ಇದನ್ನು ಚೆನ್ನಾಗಿ ಬಲ್ಲರು. ಆದರೆ ಯಾವ ವಿದ್ಯಾಲಯದ ಕೀರ್ತಿಗಾಗಿ ಬರೋಸರು ರಾತ್ರಿಯ ನಿದ್ರೆಗೆಟ್ಟರೋ, ಆ ವಿದ್ಯಾಲಯದ ತರಗತಿಯಲ್ಲಿ ಅವರ ಜನಾಂಗದವರಾರೂ ಆಗ ಕೂಡ್ರುವಂತಿರಲಿಲ್ಲ. ಮೊದಲ ಕರಿಯ ವಿದ್ಯಾರ್ಥಿಯು ಅಲ್ಲಿನ ದೇವಜ್ಞಾನದ ಶಾಲೆಗೆ ಸೇರಿದ್ದು 1953ರಲ್ಲಿ. ಹೆಣ್ಣುಮಕ್ಕಳಿಗೂ ಆ ಕಾಲೇಜಿನ ಬಾಗಿಲು ಮುಚ್ಚಿಯೇ ಇದ್ದಿತು. ಅದು ತೆರೆದದ್ದು 1969ರಲ್ಲಿ, ಈ ಆಟಗಳಾಗಿ ಎಪ್ಪತ್ತು ವರ್ಷಗಳ ಮೇಲೆ. ಗೆದ್ದವರ ಪಟ್ಟಿಯನ್ನು ಓದುವಾಗ ಆ ಪಟ್ಟಿಗೆ ಸೇರುವ ಅವಕಾಶವೇ ಯಾರಿಗಿರಲಿಲ್ಲವೆಂಬುದನ್ನೂ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತ ನಾವು ಗಮನಿಸದಿರಲಾರೆವು.

ನವಂಬರ 12 ಆದಿತ್ಯವಾರ. ಸಭೆಯವರ ಕಾಲೇಜಾದುದರಿಂದ ಅಂದು ಆಟವಿಲ್ಲ. ಆರು ದಿನಗಳಲ್ಲಿ ಐದು ಪಂದ್ಯಗಳೆಂಬ ಲೆಕ್ಕದಲ್ಲಿ ಬಿಟ್ಟುಹೋದ ಒಂದು ದಿನವು ಇದೇ. ಸೋಮವಾರ ಬ್ಯಾಟನ್ ರೂಜ್ ಪಟ್ಟಣದಲ್ಲಿ ಲೂಸಿಯಾನ ಸಂಸ್ಥಾನದ ವಿಶ್ವವಿದ್ಯಾಲಯವನ್ನು 34–0 ಅಂಕಗಳಿಂದ ಸೋಲಿಸಿದರು. ಮರುದಿನ ಮಂಗಳವಾರ, ನವಂಬರ 14ರಂದು, ಉತ್ತರಕ್ಕೆ ಮೆಂಫಿಸಿನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಮೇಲೆ 12–0. ಐದು ಪಂದ್ಯಗಳಲ್ಲಿ ತಾವು ಗಳಿಸಿದ್ದು 91 ಅಂಕಗಳು. ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಹೋಗಿಬಂದ ದಾರಿ ಎಲ್ಲ ಸೇರಿ ಸುಮಾರು 2,500 ಮೈಲಿ. ಬೆಂಗಳೂರಿನಿಂದ ದೆಹಲಿಗೆ ರೈಲುದಾರಿಯು ಸುಮಾರು 1,500 ಮೈಲಿಯೆಂದು ಎಣಿಸಿದರೆ ವಾಚಕರಿಗೆ ಇದರ ಅಳತೆಯು ತಿಳಿಯುವುದು.

ಅಮೇರಿಕದ ಆಟಗಳ ಚರಿತ್ರೆಯನ್ನು ಬರೆಯುವವರು ಈ ಆರು ದಿನಗಳನ್ನು ಬಿಡದೆ ಸ್ಮರಿಸುತ್ತಾರೆ. ಆ ಹುಡುಗರಿಗೆ ಉಕ್ಕಿನ ಮನುಷ್ಯರೆಂಬ ಹೆಸರೂ ಬಂದಿದೆ. ಅದನ್ನು ಅಲ್ಲಗಳೆಯಲು ಯಾರಿಗೂ ಮನಸ್ಸಾಗದು. ಆದರೂ ಸ್ವಲ್ಪ ತಡೆದು ನೋಡಬೇಕು. ದಕ್ಷಿಣದ ಕಾಲೇಜುಗಳಲ್ಲಿ ಆಗ ಈ ಆಟವು ಹೊಸದು. ಎಲ್ಲೆಡೆಯಲ್ಲಿಯೂ ನುರಿತ ಶಿಕ್ಷಕರಿರಲಿಲ್ಲ. ಇಬ್ಬರೂ ಒಪ್ಪಿ ಆಟದ ಅವಧಿಯನ್ನು ಮೊಟಕುಮಾಡಿಕೊಳ್ಳುವ ರೂಢಿಯೂ ಆ ಕಾಲದಲ್ಲಿ ಇದ್ದಿತು. ಪ್ರವಾಸದಿಂದ ಮರಳಿ ಬಂದ ಒಂದು ವಾರದೊಳಗೆ, ನವಂಬರ 20ರಂದು, ಕಂಬರ್ಲೆಂಡ್ ವಿಶ್ವವಿದ್ಯಾಲಯದ ಮೇಲೆ ಸುವಾನಿಯವರು 71–0 ಅಂಕಗಳಿಂದ ಗೆದ್ದರು. ಇಂಥ ಏಕಪಕ್ಷೀಯವಾದ ಗೆಲವಿನಿಂದ ಗೆದ್ದವರ ಶಕ್ತಿಯು ಎಷ್ಟೆಂದು ತಿಳಿಯುವುದಿಲ್ಲ, ಸೋತವರ ಅಶಕ್ತಿಯು ಮಾತ್ರ ತಿಳಿಯುವುದು. ಆ ತಂಡವು ಎಂಥದೆಂದು ನಿಜವಾಗಿ ಹೊರಪಟ್ಟದ್ದು, ನನ್ನ ಮಟ್ಟಿಗೆ ಹೇಳುವುದಾದರೆ, ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ದಿನದಲ್ಲಿ.

ಅದು ನವಂಬರ 30, ಗುರುವಾರ, ಅಮೇರಿಕದವರ ಕೃತಜ್ಞತಾಸ್ತುತಿಯ ಹಬ್ಬದ ದಿನ. ಅಲಬಾಮ ಸಂಸ್ಥಾನದ ಮಾಂಟ್‌ಗಾಮರಿಯಲ್ಲಿ ಎದುರಾದವರು ಆಬರ್ನ್ ಕಾಲೇಜಿನವರು. ಅವರ ಶಿಕ್ಷಕರು ಜಾನ್ ಹೈಸ್‌ಮನ್ನರು. ಇಂದು ಆ ದೇಶದ ಕಾಲೇಜು ಆಟಗಾರರಲ್ಲಿ ಶ್ರೇಷ್ಠನಾದವನಿಗೆ ಪ್ರತಿವರ್ಷ ಕೊಡಲ್ಪಡುವ ಬಹುಮಾನವು ಇವರ ಹೆಸರಿನಲ್ಲಿಯೇ ಇದೆ. ಹೈಸ್‌ಮನ್ನರು ಭಾರವಾದ ಮೈಗಿಂತ ಚುರುಕಾದ ಕಾಲನ್ನು ನಂಬಿದವರು. ಒಂದು ಯತ್ನವು ಮುಗಿದು ಎದುರಾಳಿಯು ಉಸಿರು ಬಿಡುವಷ್ಟರಲ್ಲಿ ಮುಂದಿನ ಯತ್ನವನ್ನು ಆರಂಭಿಸುವಂತೆ ತಮ್ಮ ಹುಡುಗರನ್ನು ಅವರು ಪಳಗಿಸಿದ್ದರು. ಹತ್ತು ಪಂದ್ಯಗಳಲ್ಲಿ ತಮ್ಮ ಗಡಿಯೊಳಕ್ಕೆ ಯಾರನ್ನೂ ಬಿಡದಿದ್ದ ಸುವಾನಿಯವರ ಮೇಲೆ ಆಬರ್ನಿನವರು ಅಂದು ಎರಡು ಟಚ್‌ಡೌನ್‌ಗಳನ್ನು ಗಳಿಸಿದರು. ಸುವಾನಿಯವರೂ ಎರಡನ್ನೇ ಗಳಿಸಿದರು. ಹೀಗೆ ಐದು ಮತ್ತು ಐದು ಸೇರಿ ಹತ್ತು ಅಂಕಗಳು ಎರಡು ಪಕ್ಷಗಳಿಗೂ ಸಮವಾದುವು. ಉಳಿದದ್ದು ಟಚ್‌ಡೌನಿನ ಅನಂತರ ಒದೆಯುವ ಒದೆತ ಮಾತ್ರ. ಸುವಾನಿಗೆ ಎರಡರಲ್ಲಿ ಒಂದು ಕೂಡಿತು. ಆಬರ್ನಿಗೆ ಎರಡೂ ತಪ್ಪಿದುವು. ಅಂಕಗಳು 11–10.

ಇದಕ್ಕೆ ಹಿಂದೆ ಸಿಕ್ಕಿದ ಯಾವ ಜಯದಲ್ಲಿಯೂ ಸುವಾನಿಯ ಹುಡುಗರಿಗೆ ತಾವು ಸೋಲಬಹುದೆಂಬ ಭಯವನ್ನು ಇಷ್ಟು ಹೊತ್ತು ಹೊತ್ತುಕೊಂಡು ಆಡಬೇಕಾಗಿರಲಿಲ್ಲ. ಪ್ರಯಾಣದ ಆಯಾಸವು ಎಂಥದೆಂದು ಮೊದಲೇ ತಿಳಿದಿರುವುದು, ಅದಕ್ಕೆ ಮನಸ್ಸನ್ನು ಕಟ್ಟಿಕೊಳ್ಳಬಹುದು. ಆದರೆ ತನಗಿಂತ ಚುರುಕಾದ ಎದುರಾಳಿಯು ಗಳಿಗೆಗೊಮ್ಮೆ ಗಡಿಯನ್ನು ಮುರಿಯಲು ಬರುತ್ತಿರುವಾಗ, ಹಿಂದಿನ ಹತ್ತು ಗೆಲವುಗಳು ಯಾವ ಸಹಾಯವನ್ನೂ ಮಾಡಲಾರವು. ಪಂದ್ಯದ ಬಳಿಕ ಹೈಸ್‌ಮನ್ನರು ತೀರ್ಪುಗಾರರ ನಿರ್ಣಯಗಳನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ಆಬರ್ನಿನವರ ಅಸಮಾಧಾನವು ಕಾರಣವಿಲ್ಲದ್ದೆಂದು ಹೇಳಲಾಗದು. ಒಂದು ಅಂಕದ ಸೋಲು ಬಹುಕಾಲ ನೋಯುವಂಥದು. ಋತುವೆಲ್ಲದರಲ್ಲಿ ಸುವಾನಿಯ ಮೇಲೆ ಅಂಕ ಗಳಿಸಿದ ತಂಡವು ಇದೊಂದೇ.

ಎರಡು ದಿನಗಳ ಬಳಿಕ, ದಶಂಬರ 2ರಂದು, ಅಟ್ಲಾಂಟದಲ್ಲಿ ಉತ್ತರ ಕೆರೊಲೈನ ವಿಶ್ವವಿದ್ಯಾಲಯವನ್ನು 5–0 ಅಂಕಗಳಿಂದ ಸೋಲಿಸಿ ಸುವಾನಿಯವರು ಋತುವನ್ನು ಮುಗಿಸಿದರು. ಹನ್ನೆರಡು ಪಂದ್ಯಗಳು, ಹನ್ನೆರಡು ಜಯಗಳು. 322 ಅಂಕಗಳಿಗೆ ಪ್ರತಿಯಾಗಿ 10. ಕೊನೆಯ ಎರಡು ಪಂದ್ಯಗಳಲ್ಲಿ ಮಾತ್ರ ನೋಡಿದರೆ ಆ ಲೆಕ್ಕವು 16ಕ್ಕೆ 10.

ಆ ಹುಡುಗರು ಮುಂದೆ ಏನಾದರು? ಲೂಕ್ ಲೀಯು 1907ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ದಿನಪತ್ರಿಕೆಯೊಂದನ್ನು ಸ್ಥಾಪಿಸಿ, 1911ರಲ್ಲಿ ಅಮೇರಿಕದ ಸೆನೆಟಿನ ಸದಸ್ಯನಾದನು. ಒಂದನೆಯ ಮಹಾಯುದ್ಧವು ನಿಂತೊಡನೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಕೈಸರನನ್ನು ಹಿಡಿದುಕೊಂಡು ಬರಲು ಕೆಲವು ಸೈನಿಕಮಿತ್ರರೊಂದಿಗೆ ಮೋಟಾರಿನಲ್ಲಿ ಹೋಗಿ ಬರಿಗೈಯಲ್ಲಿ ಮರಳಿದನು. ಇಪ್ಪತ್ತನೆಯ ವಯಸ್ಸಿನಲ್ಲಿ ಆರು ದಿನಕ್ಕೆ ಐದು ಪಂದ್ಯಗಳನ್ನು ಕಟ್ಟಿದವನಿಗೆ ಇದೂ ಅಸಾಧ್ಯವೆಂದು ತೋರಿರಲಾರದು. ಸೈಬೆಲ್ಸನ ಹೆಸರು 1973ರಲ್ಲಿ ಕಾಲೇಜು ಕಾಲ್ಚೆಂಡಿನ ಕೀರ್ತಿಮಂದಿರದಲ್ಲಿ ಸೇರಿತು. ಆರ್ಮಂಡ್ ಸಿಂಕಿನ್ಸನ ಭಾಗ್ಯವು ಹಾಗಿರಲಿಲ್ಲ. ಆಟದಲ್ಲಿ ಕಾಲುಗಳಿಗೆ ಬಿದ್ದ ಪೆಟ್ಟುಗಳು ಅವನನ್ನು ಕಡೆಯ ವರೆಗೂ ಬಿಡಲಿಲ್ಲ. ಅವನು 1921ರಲ್ಲಿ, ಮುಪ್ಪಿನ ಮುಖವನ್ನು ಕಾಣದೆ, ತೀರಿಹೋದನು. ಪಂದ್ಯಗಳನ್ನು ಗೆದ್ದುಕೊಟ್ಟ ಕಾಲುಗಳೇ ಅವು.

1905ರಲ್ಲಿ ದೇಶದಲ್ಲೆಲ್ಲ ಈ ಆಟದಿಂದ ಸತ್ತವರ ಸಂಖ್ಯೆಯು ಶಿಕಾಗೋ ಪತ್ರಿಕೆಯೊಂದರ ಎಣಿಕೆಯಂತೆ 18ಕ್ಕೆ ಏರಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ದೊಡ್ಡ ಕಾಲೇಜುಗಳವರನ್ನು ತಮ್ಮ ನಿವಾಸಕ್ಕೆ ಕರೆಸಿ ಆಟವನ್ನು ಶುದ್ಧಿಮಾಡಿರೆಂದು ಹೇಳಿದರು. ಮರುವರ್ಷ ಕಟ್ಟಳೆಗಳು ಬದಲಾದುವು: ಮೂರು ಯತ್ನಗಳಲ್ಲಿ ಸಾಗಬೇಕಾದ ದೂರವು 5 ಗಜದಿಂದ 10 ಗಜಕ್ಕೆ ಏರಿತು, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಬರಿಯ ನೂಕಾಟದಿಂದ 10 ಗಜ ದೊರೆಯದಾದುದರಿಂದ ಆಟಗಾರರು ಬಯಲಿನಲ್ಲಿ ಚದರಿದರು, ಮೈಮೇಲೆ ಮೈ ಬೀಳುವ ರಾಶಿಯು ಕ್ರಮೇಣ ಕರಗಿತು. ಆಟವನ್ನು ನಿಲ್ಲಿಸಬಾರದೆಂದು ಪತ್ರ ಬರೆದ ಆ ತಾಯಿಯೂ, ನಿಲ್ಲಿಸಬೇಕೆಂದಿದ್ದ ಶಾಸನಸಭೆಯೂ ಕೇಳದಿದ್ದ ಮೂರನೆಯ ದಾರಿ ಇದು. ಇದು ಮೊದಲೇ ಏಕೆ ತೋಚಲಿಲ್ಲವೆಂದು ಸಿಂಕಿನ್ಸನ ಮನೆಯವರು ಕೇಳಿದ್ದರೆ ಉತ್ತರ ಹೇಳುವವರಾರು?

ಸುವಾನಿಯ ಕಾಲೇಜು ದೊಡ್ಡದಾಗಿ ಬೆಳೆಯಲಿಲ್ಲ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು 1932ರಲ್ಲಿ ಕಟ್ಟಿಕೊಂಡ ಆಟಗಳ ಕೂಟದಲ್ಲಿ ಅದೂ ಸೇರಿತು. ಅದು ಒಂದು ಕಾಲದಲ್ಲಿ ಆರು ದಿನಗಳಲ್ಲಿ ಸೋಲಿಸಿದ್ದ ಐದು ತಂಡಗಳೂ ಬೇರೆ ಬೇರೆ ಕಾಲಗಳಲ್ಲಿ ಆ ಕೂಟದಲ್ಲಿ ಇದ್ದಂಥವು. ಆದರೆ ಆ ವೇಳೆಗೆ ಉಳಿದವರು ಸಾವಿರಾರು ವಿದ್ಯಾರ್ಥಿಗಳಿಂದಲೂ ಹೇರಳ ಹಣದಿಂದಲೂ ಬಲಿತಿದ್ದರು. ಕೂಟದ ಕಾಲ್ಚೆಂಡಿನ ಪಂದ್ಯಗಳಲ್ಲಿ ಸುವಾನಿಯು ಒಂದನ್ನೂ ಗೆಲ್ಲಲಾರದೆಹೋಯಿತು. ಅಲೆಕ್ಸಾಂಡರ್ ಗೆರಿಯವರು ವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ, 1940ರಲ್ಲಿ, ಅದು ಕೂಟವನ್ನು ಬಿಟ್ಟು ಹೊರಬಂದಿತು. ಆಟವನ್ನು ಬಿಡಲಿಲ್ಲ. ಆಟಕ್ಕಾಗಿಯೇ ವಿದ್ಯಾರ್ಥಿವೇತನವನ್ನು ಕೊಡದ ಕಾಲೇಜುಗಳೊಡನೆ ಅದು ಇಂದಿಗೂ ಪ್ರತಿವರ್ಷ ಆಡುತ್ತಿದೆ; ಈಗ ಅಲ್ಲಿನ ಹುಡುಗಿಯರಿಗೂ ತಮ್ಮದೇ ಆದ ತಂಡಗಳುಂಟು.